ಮಗುಚಿದ ಮೇಲೆ ಏನು ಮಾಡ್ತೀಯ?

ಕುಂದಾಪುರದಿಂದ ಬೈಂದೂರಿನ ಕಡೆ ಹೋಗುವಾಗ ಮರವಂತೆ ಹತ್ತಿರ ಹೈವೇಯ ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕಾ ಹೊಳೆ. ಈ ಜಾಗದ ಡ್ರೋನ್ ವಿಡಿಯೋ ನೋಡದವರು ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ಒಂದು ಕಡೆ, ಗಾಳಿ ಇಲ್ಲದ ಬೆಳಗ್ಗೆ ಅಜ್ಜಿಯನ್ನೂ ಮುಂದೆ ಕೂರಿಸಿಕೊಂಡು ಹುಟ್ಟು ಹಾಕಬಹುದಾದ ನೀರು. ಇನ್ನೊಂದು ಕಡೆ, ವರ್ಷಗಟ್ಟಲೆ ಅಭ್ಯಾಸ ಇರೋರೂ ದಡದಲ್ಲಿ ನಿಂತು ಅಲೆ ಎಣಿಸಿ, ಗ್ಯಾಪ್ ನೋಡಿಕೊಂಡು ಇಳಿಯೋ ನೀರು. ಮಧ್ಯದಲ್ಲಿ ಇರೋದು ಒಂದು ರಸ್ತೆ ಅಷ್ಟೇ. ಆದರೆ ನಮ್ಮ ವಾಟ್ಸಾಪ್ ಗ್ರೂಪಿನ ಪ್ಲಾನ್‌ನಲ್ಲಿ ಎರಡಕ್ಕೂ ಒಂದೇ ಸಾಲು: "ಕಯಾಕಿಂಗ್, ಒಂದು ಗಂಟೆ, ಬಿಗಿನರ್ಸ್ ಓಕೆ."

ನನ್ನ ತಕರಾರು ಇರೋದು ಈ "ಬಿಗಿನರ್ಸ್ ಓಕೆ" ಜೊತೆ.

ಸೆಮ್ ಎಕ್ಸಾಮ್ ಮುಗಿದ ತಕ್ಷಣ ಕ್ಯಾಂಪಸ್‌ನಿಂದ ಎರಡೋ ಮೂರೋ ಗ್ಯಾಂಗ್ ಶುಕ್ರವಾರ ರಾತ್ರಿ ಬಸ್ ಹತ್ತಿ ಕರಾವಳಿಗೆ ಹೋಗುತ್ತೆ. ಮೊದಲೆಲ್ಲ ಟ್ರೆಕ್ಕಿಂಗ್ ಇತ್ತು, ಈಗ ಕಯಾಕಿಂಗ್. ಹೋಗಲಿ, ಒಳ್ಳೇದೇ. ಹೋಗಬೇಡಿ ಅಂತ ಹೇಳೋಕೆ ನಾನು ಇದನ್ನ ಬರೀತಿಲ್ಲ. ಅಫೀಷಿಯಲ್ ಟ್ರಿಪ್ ಆದರೆ ಒಂದು ಫಾರ್ಮ್ ಇರುತ್ತೆ. ಅಪ್ಪ ಅಮ್ಮನ ಸಹಿ, ಬ್ಲಡ್ ಗ್ರೂಪ್, "ಏನಾದರೂ ಆದರೆ ಸಂಸ್ಥೆ ಹೊಣೆ ಅಲ್ಲ" ಅನ್ನೋ ಅರ್ಥದ ಒಂದು ಉದ್ದ ಪ್ಯಾರಾ. ಕೊನೆಯಲ್ಲಿ ನೀರಿಗೆ ಸಂಬಂಧಪಟ್ಟ ಒಂದೇ ಒಂದು ಪ್ರಶ್ನೆ: ಈಜು ಬರುತ್ತಾ? ಹೌದು / ಇಲ್ಲ. ಆ ಫಾರ್ಮ್ ಯಾರನ್ನ ಕಾಪಾಡೋಕೆ ಇರೋದು ಅಂತ ಓದಿದ ಎಲ್ಲರಿಗೂ ಗೊತ್ತಾಗುತ್ತೆ. ಅದು ಬಿಡಿ. ಈಜಿನ ಪ್ರಶ್ನೆ ಕೇಳಬೇಕು, ಸರಿ, ಆದರೆ ಅದೊಂದೇ ಸಾಕಾಗಲ್ಲ. ಕಯಾಕ್‌ನಲ್ಲಿ ಕೂರೋರನ್ನ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ದಡದಿಂದ ಅರ್ಧ ಕಿಲೋಮೀಟರ್ ಆಚೆ ಮಗುಚಿದರೆ ಮತ್ತೆ ದೋಣಿ ಹತ್ತೋಕೆ ಬರುತ್ತಾ? ಒಂದು ಸಲವಾದರೂ ಹತ್ತಿ ನೋಡಿದ್ದೀಯಾ?

ಮೊದಲು ನೀರಿನ ಲೆಕ್ಕಕ್ಕೆ ಬರ್ತೀನಿ. ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್‌ನಲ್ಲಿ "ಬೋಟ್ಸ್ ಅಂಡ್ ಸ್ಟ್ರೀಮ್ಸ್" ಅಂತ ಒಂದು ಚಾಪ್ಟರ್ ಇದೆಯಲ್ಲ, ಸೀನಿಯರ್ಸ್ ಎಲ್ಲ ಗೊಣಗಿಕೊಂಡು ಮಾಡ್ತಾರಲ್ಲ, ಅದೇ. ಹೊಸಬರು ಕಯಾಕ್ ಓಡಿಸೋ ವೇಗ ಗಂಟೆಗೆ 4 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹೊಳೆ ಸಮುದ್ರ ಸೇರೋ ಜಾಗದ ಹತ್ತಿರ ಇಳಿತದ ಸೆಳೆತ ಗಂಟೆಗೆ 3 ಕಿಲೋಮೀಟರ್. ಸೆಳೆತದ ಜೊತೆ ಹೋದರೆ ನಿಮ್ಮ ವೇಗ 7. ಎರಡು ಕಿಲೋಮೀಟರ್ ದಾಟೋಕೆ ಹದಿನೇಳು ನಿಮಿಷ. "ಅಯ್ಯೋ ಎಷ್ಟು ಈಜಿ, ನಾವು ನ್ಯಾಚುರಲ್ ಗುರು" ಅಂತ ಫೋಟೋ ಹೊಡ್ಕೊಂಡು ವಾಪಸ್ ತಿರುಗಿದರೆ ವೇಗ 1. ಅದೇ ಎರಡು ಕಿಲೋಮೀಟರ್‌ಗೆ ಎರಡು ಗಂಟೆ. ಅದೂ ತೋಳು ಸುಸ್ತಾಗದೇ ಇದ್ದರೆ. ಸುಸ್ತಾಗಿ ನಿಮ್ಮ ವೇಗ 3ಕ್ಕೆ ಇಳಿದರೆ ಉತ್ತರ ಸೊನ್ನೆ. ಹುಟ್ಟು ಹಾಕ್ತಾನೇ ಇರ್ತೀರಿ, ದಡದ ತೆಂಗಿನಮರ ಅಲ್ಲೇ ನಿಂತಿರುತ್ತೆ. ಪರೀಕ್ಷೆಯಲ್ಲಿ ಬರೋ ಲೆಕ್ಕದಲ್ಲಿ ದೋಣಿ ಓಡಿಸೋನಿಗೆ ಯಾವತ್ತೂ ಸುಸ್ತೇ ಆಗಲ್ಲ, ಗಮನಿಸಿದ್ದೀರಾ?

ಇಂಥ ಜಾಗಕ್ಕೆ ಕನ್ನಡದಲ್ಲಿ ಅಳಿವೆ ಅಂತಾರೆ. ನಾನು ಇಂಗ್ಲಿಷ್ ಮೀಡಿಯಂ. "ಎಸ್ಚುಅರಿ" ಅನ್ನೋ ಪದ ಸ್ಕೂಲಿನಿಂದಲೂ ಗೊತ್ತು, ಅಳಿವೆ ಅನ್ನೋದು ಹೊನ್ನಾವರದ ನನ್ನ ರೂಮ್‌ಮೇಟ್‌ನಿಂದ ಬಂತು. ಅವನ ಮನೆ ಕಡೆಯವರು ಮೀನು ಹಿಡಿಯೋಕೆ ಹೋಗೋರು. ನಾವು "ಬೀಚ್ ಹೇಗಿದೆ" ಅಂತ ಕೇಳಿದರೆ ಅವರು "ಅಳಿವೆ ಹೇಗಿದೆ" ಅಂತ ಕೇಳ್ತಾರಂತೆ. ಅದಕ್ಕೆ ಕಾರಣ ಇದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಸುಮಾರು ಆರು ಗಂಟೆಗೊಮ್ಮೆ ನೀರಿನ ದಿಕ್ಕು ಬದಲಾಗುತ್ತೆ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತೆ, ಎದುರಿಗೆ ಸಮುದ್ರದ ಅಲೆ ಒಳಗೆ ಬರುತ್ತೆ. ಎರಡೂ ಡಿಕ್ಕಿ ಹೊಡೆಯೋ ಜಾಗದಲ್ಲಿ ಅಲೆ ಚಿಕ್ಕದಾಗಿ, ಕಡಿದಾಗಿ ಎದ್ದು ಮುರಿಯುತ್ತೆ. ಕೆಳಗೆ ಮರಳಿನ ದಿಬ್ಬ ಇದ್ದರಂತೂ ಕೇಳೋದೇ ಬೇಡ. ಮೋಟಾರು ಇರೋ ದೋಣಿಯವರೇ ಅಲ್ಲಿ ಹೊತ್ತು ನೋಡಿಕೊಂಡು ದಾಟ್ತಾರೆ. ಬೆಳಗ್ಗೆ ಏಳಕ್ಕೆ ಸಲೀಸಾಗಿದ್ದ ಅದೇ ಜಾಗ ಹನ್ನೊಂದಕ್ಕೆ ಬೇರೆಯೇ ಜಾಗ. ಹಾಗಿದ್ದ ಮೇಲೆ "ಇದು ಬಿಗಿನರ್ಸ್ ರೂಟ್" ಅಂತ ಬೋರ್ಡ್ ಹಾಕೋದಕ್ಕೆ ಏನು ಅರ್ಥ? ಗಂಟೆ ಎಷ್ಟು ಅಂತಲೂ ಬರೀಬೇಕಲ್ವಾ?

ಸೆಳೆತಕ್ಕಿಂತ ಮೋಸಗಾರ ಅಂದರೆ ಗಾಳಿ. ನೆಲದ ಗಾಳಿ, ಕಡಲ ಗಾಳಿ ಎಲ್ಲರೂ ಸ್ಕೂಲಲ್ಲಿ ಓದಿದ್ದೇವೆ. ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮ ಕರಾವಳಿಯಲ್ಲಿ ಗಾಳಿ ಸಾಮಾನ್ಯವಾಗಿ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುತ್ತೆ, ಮಧ್ಯಾಹ್ನ ಉಲ್ಟಾ. ಬೆಳಗಿನ ಗಾಳಿಗೆ ಬೆನ್ನು ಹಾಕಿ ದಡದಲ್ಲಿ ನಿಂತರೆ ಎದುರಿಗೆ ಸಮುದ್ರ ಕನ್ನಡಿ ತರ ಕಾಣುತ್ತೆ. ಯಾಕೆ ಗೊತ್ತಾ? ಗಾಳಿ ಅಲೆ ಎಬ್ಬಿಸಬೇಕು ಅಂದರೆ ಅದಕ್ಕೆ ನೀರಿನ ಮೇಲೆ ಓಡೋಕೆ ದೂರ ಬೇಕು. ಇದಕ್ಕೆ ಫೆಚ್ ಅಂತಾರೆ. ದಡದ ಪಕ್ಕ ಆ ದೂರ ಹೆಚ್ಚುಕಮ್ಮಿ ಸೊನ್ನೆ, ಅದಕ್ಕೇ ನೀರು ನಯ. ಒಂದು, ಎರಡು ಕಿಲೋಮೀಟರ್ ಆಚೆ ಹೋದ ಹಾಗೆ ಅಲೆ ಬೆಳೆಯುತ್ತೆ, ಗಾಳಿ ನಿಮ್ಮನ್ನ ಇನ್ನೂ ಆಚೆಗೆ ತಳ್ಳುತ್ತೆ. ಅಂದರೆ ದಡದಿಂದ ನೋಡಿ "ಶಾಂತವಾಗಿದೆ" ಅಂತ ತೀರ್ಮಾನ ಮಾಡೋ ದಿನವೇ ವಾಪಸ್ ಬರೋದು ಕಷ್ಟದ ದಿನ ಆಗಿರಬಹುದು. ಎಷ್ಟೋ ಬೆಳಗ್ಗೆ ಆ ಗಾಳಿ ತೀರಾ ಮೆತ್ತಗಿರುತ್ತೆ, ಏನೂ ಆಗಲ್ಲ. ಹಾಗೆ ಹತ್ತು ಸಲ ಏನೂ ಆಗದೇ ಇರೋದೇ ಹನ್ನೊಂದನೇ ಸಲಕ್ಕೆ ಧೈರ್ಯ ಕೊಡೋದು.

ಇದು ಬರೀ ಥಿಯರಿ ಅಲ್ಲ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಅನ್ನೋ ಊರಿನಿಂದ ಪ್ಲಿಮತ್‌ನ ಒಂದು ಸ್ಕೂಲಿನ ಎಂಟು ವಿದ್ಯಾರ್ಥಿಗಳು ಕಯಾಕ್‌ನಲ್ಲಿ ಹೊರಟರು. ಜೊತೆಗೆ ಒಬ್ಬ ಟೀಚರ್, ಇಬ್ಬರು ಇನ್‌ಸ್ಟ್ರಕ್ಟರ್. ಹೋಗಬೇಕಾಗಿದ್ದದ್ದು ಪಕ್ಕದ ಊರು ಚಾರ್ಮತ್‌ಗೆ, ಮೂರು ಕಿಲೋಮೀಟರ್ ಆಸುಪಾಸು, ಮಧ್ಯಾಹ್ನದ ಊಟಕ್ಕೆ ಮುಗಿಯಬೇಕಾದ ಟ್ರಿಪ್. ನಮ್ಮ ಭಾಷೆಯಲ್ಲಿ ಹೇಳೋದಾದರೆ "ಬಿಗಿನರ್ಸ್ ಓಕೆ." ಹೊರಟ ಸ್ವಲ್ಪ ಹೊತ್ತಿಗೇ ಟೀಚರ್ ಮಗುಚಿದರು, ಮತ್ತೆ ಮತ್ತೆ ಮಗುಚಿದರು. ಒಬ್ಬ ಇನ್‌ಸ್ಟ್ರಕ್ಟರ್ ಅವರ ಜೊತೆ ಉಳಿಯಬೇಕಾಯ್ತು. ಉಳಿದ ಎಂಟು ಜನ ಇನ್ನೊಬ್ಬ ಇನ್‌ಸ್ಟ್ರಕ್ಟರ್ ಜೊತೆ ದೋಣಿಗಳನ್ನ ಒಟ್ಟಿಗೆ ಹಿಡಿದುಕೊಂಡು ಕಾದರು. ಗಾಳಿ ನೆಲದ ಕಡೆಯಿಂದ ಬೀಸ್ತಿತ್ತು. ಕಾಯ್ತಾ ಕಾಯ್ತಾ ಇಡೀ ಗುಂಪು ಸಮುದ್ರಕ್ಕೆ ತೇಲಿಹೋಯ್ತು, ಆಮೇಲೆ ಒಂದೊಂದಾಗಿ ದೋಣಿ ಮುಳುಗಿದವು. ಅವರ ಹತ್ತಿರ ರೇಡಿಯೋ ಇರಲಿಲ್ಲ, ಸಂಕೇತಕ್ಕೆ ಹಾರಿಸೋ ಫ್ಲೇರ್ ಇರಲಿಲ್ಲ. ಕೋಸ್ಟ್‌ಗಾರ್ಡ್‌ಗೆ ಸುದ್ದಿ ಮುಟ್ಟಿದ್ದೇ ಗಂಟೆಗಳ ಮೇಲೆ. ನಾಲ್ಕು ಜನ ವಿದ್ಯಾರ್ಥಿಗಳು ಸತ್ತರು. ಎಲ್ಲರೂ ನಮಗಿಂತ ಎರಡು ಮೂರು ವರ್ಷ ಚಿಕ್ಕವರು.

ಆ ಇನ್‌ಸ್ಟ್ರಕ್ಟರ್‌ಗಳ ಹತ್ತಿರ ಇದ್ದದ್ದು ತೀರಾ ಆರಂಭದ ಮಟ್ಟದ ಸರ್ಟಿಫಿಕೇಟ್. ಅದೇ ಸೆಂಟರ್‌ನಲ್ಲಿ ಮೊದಲು ಕೆಲಸ ಮಾಡ್ತಿದ್ದವರು ಸುರಕ್ಷತೆ ಸರಿಯಿಲ್ಲ ಅಂತ ಮ್ಯಾನೇಜ್‌ಮೆಂಟ್‌ಗೆ ಮುಂಚೆಯೇ ಪತ್ರ ಬರೆದಿದ್ದರು. ಕಂಪನಿಗೂ ಅದರ ಮ್ಯಾನೇಜಿಂಗ್ ಡೈರೆಕ್ಟರ್‌ಗೂ ಶಿಕ್ಷೆ ಆಯ್ತು. 1995ರಲ್ಲಿ ಬ್ರಿಟನ್ ಒಂದು ಕಾನೂನನ್ನೇ ತಂದಿತು: ಹದಿನೆಂಟರ ಒಳಗಿನವರಿಗೆ ಹಣ ತೆಗೆದುಕೊಂಡು ಇಂಥ ಸಾಹಸ ಚಟುವಟಿಕೆ ಮಾಡಿಸೋ ಸೆಂಟರ್‌ಗಳಿಗೆ ಲೈಸೆನ್ಸ್ ಬೇಕು ಅಂತ.

ಕಾನೂನಿನ ಕತೆಗಿಂತ ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಹನ್ನೊಂದು ಜನರ ಗುಂಪಿನಲ್ಲಿ ಒಬ್ಬರು ಮಗುಚಿದ ಮೇಲೆ ಬೇಗ ದೋಣಿ ಹತ್ತೋಕೆ ಆಗಲಿಲ್ಲ. ಇಡೀ ದಿನ ಕೆಡೋಕೆ ಅಷ್ಟು ಸಾಕಾಯ್ತು. ಅದು ಆ ಟೀಚರ್ ತಪ್ಪಲ್ಲ. ಅವರನ್ನ ಆ ನೀರಿಗೆ ಕರಕೊಂಡು ಹೋಗಬಾರದಿತ್ತು. ಗುಂಪಿನ ಲೆವೆಲ್ ಅಂದರೆ ಸರಾಸರಿ ಅಲ್ಲ, ಮಿನಿಮಮ್. ನಿಮ್ಮಲ್ಲಿ ನಾಲ್ಕು ಜನ ಪಂಟರ್‌ಗಳಿದ್ದರೂ ಐದನೆಯವನು ಮೊದಲ ಸಲ ಕೂತಿದ್ದರೆ ಅವತ್ತು ನೀವು ಐದೂ ಜನ ಬಿಗಿನರ್ಸ್.

ಅವರನ್ನ ಕೊಂದಿದ್ದರಲ್ಲಿ ಚಳಿಯ ಪಾತ್ರ ದೊಡ್ಡದು, ಮಾರ್ಚ್ ತಿಂಗಳ ಇಂಗ್ಲಿಷ್ ಸಮುದ್ರ ಅದು. ನಮ್ಮ ಅರಬ್ಬೀ ಸಮುದ್ರ ಬೆಚ್ಚಗಿರುತ್ತೆ, ಆ ಭಯ ಇಲ್ಲ. ಬದಲಿಗೆ ಇಲ್ಲಿ ಬಿಸಿಲು ಇದೆ, ಡೀಹೈಡ್ರೇಷನ್ ಇದೆ, ಆಮೇಲೆ ಗಾಬರಿ ಎಲ್ಲ ಕಡೆ ಒಂದೇ.

ಹಾಗಾಗಿ ಮತ್ತೆ ನನ್ನ ಪ್ರಶ್ನೆಗೆ. ಬಾಡಿಗೆಗೆ ಸಿಗೋ ಕಯಾಕ್‌ಗಳಲ್ಲಿ ತುಂಬಾ ಕಾಣೋದು ಮೇಲೆ ಕೂರೋ ತರದ್ದು, ಸಿಟ್ ಆನ್ ಟಾಪ್. ಮಗುಚಿದರೆ ಅದರಲ್ಲಿ ನೀರು ನಿಲ್ಲಲ್ಲ, ತೂತುಗಳಿಂದ ಸೋರಿಹೋಗುತ್ತೆ. ತಿರುಗಿಸಿ, ಪಕ್ಕದಲ್ಲಿ ನೀರಿನ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿದ ಹಾಗೆ ಕಾಲು ಜೋರಾಗಿ ಬಡಿಯಬೇಕು, ದೋಣಿಯ ಮೇಲೆ ಎದೆ ಎಳೆದುಕೊಳ್ಳಬೇಕು, ಮಗ್ಗುಲಾಗಿ ಕೂರಬೇಕು, ಆಮೇಲೆ ಕಾಲು ಒಳಗೆ. ಓದೋಕೆ ಸುಲಭ. ಮಾಡುವಾಗ ಹೆಚ್ಚಿನವರು ಮಾಡೋದು ಏನಂದರೆ ಗೋಡೆ ಹತ್ತೋ ತರ ನೇರ ನಿಂತು ಮೇಲಕ್ಕೆ ಎಳೆದುಕೊಳ್ಳೋದು. ದೋಣಿ ಅವರ ಮೇಲೆಯೇ ಮತ್ತೆ ಮಗುಚುತ್ತೆ. ಎರಡು ಸಲ ಹಾಗಾದರೆ ತೋಳಿನಲ್ಲಿ ಬಲ ಇರಲ್ಲ. ಹೊಳೆಯಲ್ಲಿ, ಎದೆಮಟ್ಟದ ನೀರು ಇರೋ ಕಡೆ ಕಲಿಸೋರು ಇದ್ದರೆ ಅರ್ಧ ಗಂಟೆಯಲ್ಲಿ ಇದರ ರುಚಿ ಸಿಗುತ್ತೆ.

ಒಳಗೆ ಕಾಲು ತೂರಿಸಿ ಕೂರೋ ನಿಜವಾದ ಸೀ ಕಯಾಕ್ ಆದರೆ ವಿಷಯ ಬೇರೆ. ಅದು ಉದ್ದ, ಸಪೂರ, ಅಲೆಯಲ್ಲಿ ಚೆನ್ನಾಗಿ ಓಡುತ್ತೆ, ಆದರೆ ಮಗುಚಿದರೆ ನೀರು ತುಂಬುತ್ತೆ. ನೀರು ತುಂಬಿದ ದೋಣಿಯಲ್ಲಿ ಹತ್ತಿ ಕೂತರೂ ಅದು ನಿಲ್ಲಲ್ಲ. ಫ್ಲೂಯಿಡ್ಸ್‌ನಲ್ಲಿ ಮೆಟಾಸೆಂಟರ್ ಓದಿದವರಿಗೆ ಯಾಕೆ ಅಂತ ಹೊಳೆಯಬೇಕು: ದೋಣಿ ವಾಲಿದ ಕಡೆಗೇ ಒಳಗಿನ ನೀರೂ ಓಡುತ್ತೆ. ಅದಕ್ಕೇ ಇನ್ನೊಬ್ಬರು ತಮ್ಮ ಕಯಾಕ್ ಅಡ್ಡ ತಂದು, ಮಗುಚಿದ್ದರ ಮೂತಿಯನ್ನ ಅದರ ಮೇಲೆ ಎಳೆದು ನೀರು ಚೆಲ್ಲಿ, ತಿರುಗಿಸಿ ಹಿಡಿದುಕೊಳ್ಳಬೇಕು. ಇದಕ್ಕೆ ಟಿ ರೆಸ್ಕ್ಯೂ ಅಂತಾರೆ. ಗಮನಿಸಿ, ಇದಕ್ಕೆ ಕನಿಷ್ಠ ಎರಡು ಜನ ಬೇಕು, ಎರಡನೆಯವನಿಗೆ ಬರಬೇಕು.

ಈಜು ಚೆನ್ನಾಗಿ ಬರೋರಿಗೇ ಇನ್ನೊಂದು ಅಪಾಯ ಇದೆ. ಅವರು ದೋಣಿ ಬಿಟ್ಟು ದಡಕ್ಕೆ ಈಜೋಕೆ ಹೊರಡ್ತಾರೆ. ಖಾಲಿ ಕಯಾಕನ್ನ ಗಾಳಿ ನಾವು ಈಜೋದಕ್ಕಿಂತ ಬೇಗ ಒಯ್ದುಬಿಡುತ್ತೆ, ಹಿಂದಿನಿಂದ ಹಿಡಿಯೋಕಾಗಲ್ಲ. ಹುಡುಕೋಕೆ ಬಂದವರ ಕಣ್ಣಿಗೆ ಕೆಂಪು ಹಳದಿ ದೋಣಿ ಕಾಣುತ್ತೆ, ಅಲೆಗಳ ಮಧ್ಯೆ ಒಂದು ತಲೆ ಕಾಣಲ್ಲ. ಮಗುಚಿದ ಮೇಲೆ ಮೊದಲ ಕೆಲಸ ದೋಣಿ ಹಿಡಿಯೋದು. ಆಮೇಲೆ ಹುಟ್ಟು. ಗೋಪ್ರೋ ಹೋದರೆ ಹೋಗಲಿ.

ಇದೆಲ್ಲ ಇಟ್ಟುಕೊಂಡು ನಮ್ಮ ಕರಾವಳಿಯನ್ನ ನೋಡಿದರೆ ರೂಟ್‌ಗಳು ಬೇರೆ ತರ ಜೋಡಣೆ ಆಗ್ತವೆ. ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರು, ಹೊನ್ನಾವರದ ಶರಾವತಿ ಪಕ್ಕದ ಕಾಂಡ್ಲಾ ಕಾಡು, ಕಾಳಿಯ ಒಳಭಾಗ: ಮೊದಲ ಸಲ ಕೂರೋರಿಗೆ ಇವು. ಯಾವ ಕಡೆ ತೇಲಿದರೂ ದಡ ಸಿಗುತ್ತೆ, ಅದೇ ಮುಖ್ಯ. ಇಲ್ಲೂ ಅಳಿವೆಯ ಕಡೆ ಹೋಗಬಾರದು, ಇಳಿತ ನೋಡಿಕೊಳ್ಳದೆ ಕಾಂಡ್ಲಾ ಮಧ್ಯದ ಸಣ್ಣ ಕಾಲುವೆಗೆ ನುಗ್ಗಿದರೆ ನೀರು ಹೋಗಿ ಕೆಸರಲ್ಲಿ ಕೂತಿರ್ತೀರಿ. ಪ್ರಾಣಕ್ಕೆ ಏನಾಗಲ್ಲ, ಸೊಳ್ಳೆಗೆ ಹಬ್ಬ.

ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳ ಮಧ್ಯೆ ದೂರ ಕಮ್ಮಿ, ಮ್ಯಾಪ್‌ನಲ್ಲಿ ನೋಡಿದರೆ ಮಕ್ಕಳಾಟ. ಆದರೆ ಒಂದು ಬೀಚಿನಿಂದ ಇನ್ನೊಂದಕ್ಕೆ ಹೋಗೋಕೆ ಕಲ್ಲಿನ ಮೂತಿ ಸುತ್ತಬೇಕು. ಅಲ್ಲಿ ಇಳಿಯೋಕೆ ಜಾಗ ಇಲ್ಲ. ಬಂಡೆಗೆ ಬಡಿದು ವಾಪಸ್ ಬರೋ ಅಲೆ, ಹೊರಗಿನಿಂದ ಬರೋ ಅಲೆ ಎರಡೂ ಸೇರಿ ನೀರು ಮಡಕೆಯಲ್ಲಿ ಕುದಿಯೋ ತರ ಕುಣಿಯುತ್ತೆ. ಹೊಸಬರು ಹೆದರಿ ಬಂಡೆಯ ಹತ್ತಿರಕ್ಕೆ ಸರಿಯೋದು ಸಹಜ, ಆದರೆ ದೂರ ಹೋಗಬೇಕು. ಹೊಳೆಯಲ್ಲಿ ಮಗುಚಿ ಹತ್ತಿ ಅಭ್ಯಾಸ ಆದವರಿಗೆ, ಲೋಕಲ್ ಗೈಡ್ ಜೊತೆ, ಬೆಳಗ್ಗೆ, ಇದು ಚೆಂದದ ರೂಟ್. ಬೇರೆಯವರಿಗೆ ಬೆಟ್ಟದ ಮೇಲಿನ ಕಾಲುದಾರಿ ಇದೆ, ವ್ಯೂ ಅಲ್ಲಿಂದಲೂ ಚೆನ್ನಾಗಿದೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ ಸುಮಾರು ಆರು ಕಿಲೋಮೀಟರ್, ಮಧ್ಯೆ ಎಲ್ಲೂ ದಡ ಇಲ್ಲ, ಪಕ್ಕದಲ್ಲೇ ದೊಡ್ಡ ಮೀನುಗಾರಿಕಾ ಬಂದರು. ನೀರಿನ ಮಟ್ಟದಲ್ಲಿ ಕೂತ ನಾವು ಟ್ರಾಲರ್ ಓಡಿಸೋರಿಗೆ ಕಾಣೋದೇ ಕಷ್ಟ. ಕಾರವಾರದ ಕೂರ್ಮಗಡವೂ ಇದೇ ಸಾಲಿಗೆ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದು ಆ ಕಡೆಯವರಿಗೆ ಇನ್ನೂ ನೆನಪಿದೆ. ಅದು ಮೋಟಾರು ದೋಣಿ. ಇಂಥ ಕಡೆಗೆ ಸ್ಥಳೀಯ ಅನುಮತಿ, ಜೊತೆಗೊಂದು ಸಪೋರ್ಟ್ ಬೋಟ್, ಗುಂಪಿನಲ್ಲಿ ಎಲ್ಲರಿಗೂ ರೆಸ್ಕ್ಯೂ ಬರೋದು, ಮೂರೂ ಇಲ್ಲದೆ ಹೋಗೋದು ಸಾಹಸ ಅಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹತ್ತೊಂಬತ್ತು ಕಿಲೋಮೀಟರ್ ಹತ್ತಿರ ಆಗುತ್ತೆ. ಅದರ ಬಗ್ಗೆ ಸೆಕೆಂಡ್ ಇಯರ್‌ನವರು ಮಾತಾಡೋದೇ ಬೇಡ. ಇನ್ನು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ನಿಷೇಧ. ಮಳೆಗಾಲದಲ್ಲಿ ಸಮುದ್ರಕ್ಕೆ ಕಯಾಕ್ ಇಳಿಸ್ತೀವಿ ಅನ್ನೋ ಆಪರೇಟರ್ ಸಿಕ್ಕರೆ ಕಾಸು ವಾಪಸ್ ಇಸ್ಕೊಂಡು ಬನ್ನಿ.

ನೋಡೋಕೆ ಮಾಹಿತಿ ಇಲ್ಲದೇ ಇಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ಕರಾವಳಿಗೆ ಅಲೆ ಎಷ್ಟು ಎತ್ತರ, ಎಷ್ಟು ಸೆಕೆಂಡಿಗೊಂದು ಅಂತ ಮುನ್ಸೂಚನೆ ಕೊಡುತ್ತೆ. ಎಲ್ಲರೂ ಎತ್ತರ ಮಾತ್ರ ನೋಡ್ತಾರೆ. ಆರು ಸೆಕೆಂಡಿನ ಒಂದು ಮೀಟರ್ ಅಲೆ, ಹದಿನೈದು ಸೆಕೆಂಡಿನ ಒಂದು ಮೀಟರ್ ಅಲೆ ಎರಡೂ ಒಂದೇ ಅಲ್ಲ. ಎರಡನೆಯದು ಎಲ್ಲೋ ದಕ್ಷಿಣದ ಮಹಾಸಾಗರದಿಂದ ಶಕ್ತಿ ಹೊತ್ತುಕೊಂಡು ಬಂದಿರುತ್ತೆ, ದಡದ ಹತ್ತಿರ ಎದ್ದು ನಿಲ್ಲುತ್ತೆ. ಇಲ್ಲಿ ಗಾಳಿಯೇ ಇಲ್ಲದ ದಿನ ಸಮುದ್ರ ಉಕ್ಕೋದಕ್ಕೆ ಮಲಯಾಳಿಗಳು ಕಳ್ಳಕ್ಕಡಲ್ ಅಂತಾರೆ, ಕಳ್ಳ ಸಮುದ್ರ. ಎಂಥ ಹೆಸರು! ಫೋನಿನಲ್ಲಿ ಎರಡು ನಂಬರ್ ಇರಲಿ: ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್‌ಗಾರ್ಡ್ 1554. ಫೋನ್ ವಾಟರ್‌ಪ್ರೂಫ್ ಚೀಲದಲ್ಲಿ, ಚೀಲ ಮೈಮೇಲೆ. ದೋಣಿಗೆ ಕಟ್ಟಿದ್ದರೆ ದೋಣಿ ಹೋದಾಗ ಅದೂ ಹೋಗುತ್ತೆ. ಲೈಫ್ ಜಾಕೆಟ್‌ಗೆ ಒಂದು ಸೀಟಿ.

"ಮೀನುಗಾರರು ಲೈಫ್ ಜಾಕೆಟ್ ಇಲ್ಲದೇ ಹೋಗಲ್ವಾ ಮಗಾ?" ಅಂತ ಯಾವಾಗಲೂ ಒಬ್ಬ ಕೇಳ್ತಾನೆ. ಅವರೂ ಹಾಕಿಕೊಳ್ಳಬೇಕು, ಅದು ಬೇರೆ ಮಾತು. ಆದರೆ ಅವರು ಚಿಕ್ಕಂದಿನಿಂದ ಆ ನೀರು ನೋಡಿದ್ದಾರೆ, ಸರಿ ಇಲ್ಲ ಅನ್ನಿಸಿದ ದಿನ ದೋಣಿ ಇಳಿಸಲ್ಲ. ನಾವು? ಬಸ್ ಟಿಕೆಟ್ ಬುಕ್ ಆಗಿದೆ, ಸೋಮವಾರ ಲ್ಯಾಬ್ ಇದೆ, ಹಾಗಾಗಿ ಇವತ್ತೇ ಇಳಿಯಬೇಕು. ಅವರಿಗಿರೋ "ಇವತ್ತು ಬೇಡ" ಅನ್ನೋ ಆಪ್ಷನ್ ನಮ್ಮ ಪ್ಲಾನ್‌ನಲ್ಲೇ ಇರಲ್ಲ. ಜೊತೆಗೆ "ಏ ಬಾರೋ, ಏನಾಗಲ್ಲ, ಹುಡುಗೀರೇ ಕೂತಿದ್ದಾರೆ" ಅನ್ನೋ ಒತ್ತಡ. ಇದಕ್ಕೆ ಹೆದರಿ ಕಯಾಕ್ ಹತ್ತಿದವನು ಗಾಬರಿಯಲ್ಲೇ ಕೂತಿರ್ತಾನೆ. ಗಾಬರಿಯಲ್ಲಿ ಮೈ ಬಿಗಿಯಾದರೆ ದೋಣಿ ಮಗುಚೋದು ಇನ್ನೂ ಸುಲಭ.

ಅಡ್ವೆಂಚರ್ ಕ್ಲಬ್‌ನವರಿಗೆ ನನ್ನ ಕೋರಿಕೆ ಚಿಕ್ಕದು. ಮುಂದಿನ ಜನವರಿ ಟ್ರಿಪ್‌ನ ಫಾರ್ಮ್‌ನಲ್ಲಿ ಈಜಿನ ಪ್ರಶ್ನೆ ಕೆಳಗೆ ಎರಡು ಕಾಲಂ ಸೇರಿಸಿ. ಒಂದು, "ಕಯಾಕ್ ಮಗುಚಿ ಮತ್ತೆ ಹತ್ತಿದ್ದೀರಾ? ಎಲ್ಲಿ, ಯಾವಾಗ?" ಇನ್ನೊಂದು ಆರ್ಗನೈಸರ್ ತುಂಬಬೇಕಾದ್ದು: "ಆ ದಿನ ಭರತ, ಇಳಿತದ ಸಮಯ, ಗಾಳಿಯ ದಿಕ್ಕು, ಸಮುದ್ರ ಬೇಡ ಅನ್ನಿಸಿದರೆ ಹೋಗೋ ಬೇರೆ ಜಾಗ." ಮೊದಲನೆಯದಕ್ಕೆ "ಇಲ್ಲ" ಅಂತ ಬರೆದವರನ್ನ ಲಿಸ್ಟ್‌ನಿಂದ ತೆಗೆಯಬೇಕಾಗಿಲ್ಲ. ಶನಿವಾರ ಬೆಳಗ್ಗೆ ಅವರನ್ನ ಒಂದು ಗಂಟೆ ಮೊದಲು ಹೊಳೆಗೆ ಇಳಿಸಿ, ಬೇಕಂತಲೇ ಮಗುಚಿಸಿ, ಹತ್ತಿಸಿದರೆ ಆಯ್ತು. ಒಂದು ಜೊತೆ ಬಟ್ಟೆ ಜಾಸ್ತಿ ತರೋಕೆ ಹೇಳಿ.